ಮಾರಾಟ ತೆರಿಗೆಯವರೇ, ನಮ್ಮ ಕೊಸರಿನ ಗತಿಯೇನು?

ಕೊಟ್ಟೂರು,
ಶ್ರಾವಣ ಮಾಸ, 2005

ದೇಶಕ್ಕೆಲ್ಲ ಒಂದೇ ಆಗಿ ಬರಲಿರುವ, ಆದರೆ ಇನ್ನೂ ಬಾರದಿರುವ ಮಾರಾಟ ತೆರಿಗೆಯವರಿಗೆ,
ದೆಹಲಿ, ಅಥವಾ ತಾವು ಸದ್ಯಕ್ಕೆ ಎಲ್ಲಿದ್ದೀರೋ ಅಲ್ಲಿಗೆ.

ಮಾನ್ಯರೇ,

ಕೊಟ್ಟೂರೇಶ್ವರ ಸ್ವಾಮಿಯ ದಯದಿಂದ ನಾವೆಲ್ಲ ಇಲ್ಲಿ ಕ್ಷೇಮ. ತಾವಿನ್ನೂ ಹುಟ್ಟಿಯೇ ಇಲ್ಲವಾದ್ದರಿಂದ ತಮ್ಮ ಕ್ಷೇಮ ಹೇಗೆ ಕೇಳಬೇಕೆಂದು ತಿಳಿಯದೆ, ಹೊಟ್ಟೆಯಲ್ಲಿರುವ ಕೂಸನ್ನು ಹರಸುವ ಹಾಗೆ ದೂರದಿಂದಲೇ ಎರಡೂ ಕೈ ಎತ್ತಿ ಹರಸಿದ್ದೇನೆ. ನನ್ನ ಹೆಸರು ನಾಗಲಿಂಗಮ್ಮ, ವಯಸ್ಸು ಐವತ್ತು, ಊರಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಪಾಸಾದವಳು, ಬಜಾರಿನಲ್ಲಿ ಮಂಡಕ್ಕಿ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಇಷ್ಟು ದೊಡ್ಡವರಿಗೆ ಇಷ್ಟು ಹಗುರಾದ ಮಾಲು ಮಾರುವವಳು ಕಾಗದ ಬರೆಯುವುದು ಉದ್ಧಟತನವೆನಿಸಿದರೆ ಕ್ಷಮಿಸಬೇಕು. ಆದರೆ ತಾವು ಹುಟ್ಟುವ ಮೊದಲೇ ತಮ್ಮ ಜಾತಕರ್ಮ ನನ್ನ ಅಂಗಡಿಯಲ್ಲೇ ನಡೆದುಹೋಗಿರುವುದರಿಂದ, ಆ ಸಂಗತಿ ತಮಗೆ ತಿಳಿಸದಿದ್ದರೆ ನನಗೆ ಊಟ ಸೇರುವುದಿಲ್ಲ.

ನಡೆದದ್ದು ಇಷ್ಟು. ಬಜಾರಿನ ಅಂಗಡಿಗಳ ಲೆಕ್ಕ ಬರೆಯುವ ಗುರುಬಸವರಾಜ ಒಂದು ದಿನ ಪೇಪರು ಹಿಡಿದುಕೊಂಡು ಓಡಿಬಂದ. ಆದಾಯ ತೆರಿಗೆಯನ್ನು ಬೇರುಸಹಿತ ಕಿತ್ತುಹಾಕಿ ಅದರ ಜಾಗದಲ್ಲಿ ತಮ್ಮನ್ನು ಕೂರಿಸಬೇಕೆಂದು ಯಾರೋ ಬರೆದಿದ್ದರಂತೆ. ಅವನ ಮುಖ ನೋಡಿ ಮನೆಯಲ್ಲಿ ಗಂಡು ಹುಟ್ಟಿತೋ ಏನೋ ಎಂದುಕೊಂಡು ನಾನು ಸಕ್ಕರೆ ಡಬ್ಬಿಗೆ ಕೈ ಹಾಕಿದ್ದೆ. ನನ್ನ ಅಂಗಡಿಯ ಬೆಂಚಿನ ಮೇಲೆ ದಿನವೂ ಕೂರುವ ರಿಟೈರಾದ ಹೆಡ್ ಮಾಸ್ತರು ವೀರಭದ್ರಯ್ಯನವರು ಮಾತ್ರ, ತಮ್ಮ ಹೆಸರು ಕೇಳಿದ್ದೇ ತಡ, ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆಂದರೆ ಅರ್ಧ ದಿನ ಹೋಯಿತೆಂದೇ ಅರ್ಥ.

“ಆದಾಯ ಮುಚ್ಚಿಡಬೋದ್ರಿ ಮಾಸ್ತರ್ರೇ, ಹೊಟ್ಟಿ ಮುಚ್ಚಿಡಾಕ ಆಕ್ಕತೇನು? ಕೊಂಡಂಗ ಕಟ್ಟಬೇಕು, ತಿಂದಂಗ ಕಟ್ಟಬೇಕು!” ಎಂದು ಇವನು. “ಸೌಕಾರಗೂ ಒಂದ ಹೊಟ್ಟಿ, ಕೂಲಿಯಾಕಿಗೂ ಒಂದ ಹೊಟ್ಟಿ. ಅಂವ ತಿಂದು ಉಳಿದದ್ದು ಗಂಟು ಕಟ್ಟತಾನ, ಇಕಿ ಬಂದದ್ದೆಲ್ಲ ತಿಂತಾಳ. ಭಾರ ಯಾರ ಮ್ಯಾಲೆ ಬಿತ್ತು ಹೇಳು ತಮ್ಮಾ?” ಎಂದು ಅವರು. ಇಷ್ಟಕ್ಕೇ ನಿಲ್ಲಿಸಿದ್ದರೆ ಮಾಸ್ತರು ಗೆದ್ದೇಬಿಡುತ್ತಿದ್ದರು. ಆದರೆ ಕೊನೆಗೆ ಅವರ ಮನಸ್ಸಿನ ಮಾತೂ ಹೊರಗೆ ಬಂತು: “ಮೂವತ್ತು ವರ್ಷ ಪಗಾರದಾಗ ಆ ತೆರಿಗಿ ಹಿಡಿಸಿಕೊಂಡೀನಿ. ಈಗ ಅದನ್ನ ತಗದುಹಾಕಿದ್ರ, ನನಗೂ ಒಂದು ಆದಾಯ ಇತ್ತು ಅನ್ನಾಕ ಸಾಕ್ಷಿ ಏನು ಉಳೀತು?”

ಹೀಗೆ ಮೂರು ಸಂತೆ ಕಳೆದರೂ ದೇಶದ ಸಮಸ್ಯೆ ಬಗೆಹರಿಯದೆ, ನನ್ನ ಬೆಂಚಿನ ಒಂದು ಕಾಲು ಮಾತ್ರ ಸಡಿಲವಾಗಿ, ಕೊನೆಗೆ ಇಬ್ಬರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಮುಂದಿನ ಸಂತೆಯ ದಿನ ನನ್ನ ಅಂಗಡಿಯಲ್ಲಿ ತಮ್ಮನ್ನು ಒಂದೇ ಒಂದು ದಿನದ ಮಟ್ಟಿಗೆ ಜಾರಿಗೆ ತರುವುದು. ದುಡ್ಡಿನ ಗೊಡವೆ ಬೇಡ, ಮಾಲಿನಲ್ಲೇ ತೆರಿಗೆ: ಯಾರು ಎಷ್ಟೇ ಕೊಂಡರೂ ಅವರ ಚೀಲದಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಡಬ್ಬಿಗೆ ಹಾಕುವುದು. ನನ್ನ ಹಳೆಯ ಎಣ್ಣೆ ಡಬ್ಬಿಯನ್ನು ತೊಳೆದು, ಅದರ ಮೇಲೆ ‘ರಾಷ್ಟ್ರೀಯ’ ಎಂದು ಬರೆದ ಚೀಟಿ ಅಂಟಿಸಿ, ಕುಂಕುಮವನ್ನೂ ಹಚ್ಚಿದರು. ಕುಂಕುಮ ಹಚ್ಚಿದ ಮೇಲೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಇಲ್ಲಿ ತಮಗೆ ಕೊಸರಿನ ವಿಷಯ ಅರಿಕೆ ಮಾಡಿಕೊಳ್ಳಬೇಕು, ದೆಹಲಿಯಲ್ಲಿ ಆ ಪದ್ಧತಿ ಇದೆಯೋ ಇಲ್ಲವೋ ಕಾಣೆ. ಸೇರು ತುಂಬಿಸಿ ಅಳೆದು ಚೀಲಕ್ಕೆ ಹಾಕಿದ ಮೇಲೆ, ಕೈಗೆ ಬಂದಷ್ಟು ಮೇಲೊಂದು ಹಿಡಿ ಹಾಕುತ್ತೇವಲ್ಲ, ಅದೇ ಕೊಸರು. ನನ್ನ ಅತ್ತೆ ನನ್ನ ಕೈಗೆ ಸೇರು ಕೊಟ್ಟ ದಿನ, “ಅಳತಿ ನಿಂದು, ಕೊಸರು ಕೊಟ್ರೇಶಂದು. ಅದರಾಗ ಕೈ ಬಿಗಿ ಮಾಡಬ್ಯಾಡ” ಎಂದು ದೇವರ ಮುಂದೆ ಮಾತು ತೆಗೆದುಕೊಂಡರು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಆ ಮಾತಿಗೆ ನಾನು ತಪ್ಪಿಲ್ಲ. ಜ್ವರ ಬಂದ ದಿನವೂ ಕೊಸರು ನಡುಗುತ್ತಲೇ ಬಿದ್ದಿದೆ.

ಸಂತೆಯ ದಿನ ಬೆಳಿಗ್ಗೆ ಮೊದಲ ಗಿರಾಕಿಗೆ ನಾನು ಒಂದು ಸೇರು ಅಳೆದೆ, ಗುರುಬಸವರಾಜ ಒಂದು ಹಿಡಿ ತೆಗೆದ, ನಾನು ಕೊಸರು ಹಾಕಿದೆ. “ತಡೀರಿ ಅಕ್ಕಾ, ಕೊಸರೂ ಮಾಲ ಅಲ್ಲೇನು?” ಎಂದು ಅದರಲ್ಲೂ ಒಂದು ಚಿಟಿಕೆ ತೆಗೆದ. ಹೋದ ಚಿಟಿಕೆಗೆ ಗಿರಾಕಿ ಮತ್ತೊಂದು ಕೊಸರು ಕೇಳಿದ, ನಾನು ಹಾಕಿದೆ, ಇವನು ಮತ್ತೆ ಚಿಟಿಕೆ ತೆಗೆದ. ಮಾನ್ಯರೇ, ಒಂದು ಸೇರು ಮಂಡಕ್ಕಿಯ ವ್ಯಾಪಾರ ಮುಗಿಯುವಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ಬಸ್ಸು ಬಂದು ಹೋಗಿತ್ತು, ಗಿರಾಕಿ ಅದರಲ್ಲಿ ಹೋಗಬೇಕಾದವನು. ಆಗ ಗುರುಬಸವರಾಜ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಇವತ್ತಿನ ಮಟ್ಟಿಗೆ ಕೊಸರು ಬಂದ್, ಯಾರಿಗಾದರೂ ಹಾಕಿದರೆ ಪರೀಕ್ಷೆ ಕೆಟ್ಟಹಾಗೆ ಎಂದು ಸಾರಿಬಿಟ್ಟ. ಅತ್ತೆಯ ಫೋಟೋ ನನ್ನ ಗಲ್ಲಾಪೆಟ್ಟಿಗೆಯ ಮೇಲೇ ಇದೆ. ನಾನು ಅತ್ತ ಬೆನ್ನು ಮಾಡಿ ಕೂತೆ.

ಆರು ಗಿರಾಕಿಗಳಿಗೆ ಹೇಗೋ ತುಟಿ ಕಚ್ಚಿ ಅಳೆದೆ. ಏಳನೆಯವಳಾಗಿ ಬಂದವಳು ಪಕ್ಕೀರಮ್ಮ. ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸ ಅವಳದು, ಪ್ರತಿ ಸಂತೆಗೂ ಮೊಮ್ಮಕ್ಕಳಿಗೆಂದು ಒಂದು ಪಾವು ಒಯ್ಯುತ್ತಾಳೆ. ಅವಳ ಸರದಿ ಬಂದಾಗ ನನ್ನ ಕೈ ತಾನಾಗಿಯೇ ಅಗಲವಾಗುತ್ತದೆ, ಪಾವಿಗಿಂತ ಕೊಸರೇ ಹೆಚ್ಚಾಗುತ್ತದೆ, ಇಬ್ಬರೂ ಅದರ ಮಾತೆತ್ತುವುದಿಲ್ಲ. ಅಂದು ನಾನು ಪಾವು ಅಳೆದೆ. ಗುರುಬಸವರಾಜನ ಬಳಿ ಪಾವಿಗೆ ತಕ್ಕ ಸಣ್ಣ ಕೈ ಇರಲಿಲ್ಲ, ಸೇರಿಗೆ ಹಾಕಿದ ಕೈಯನ್ನೇ ಹಾಕಿ ತೆಗೆದ. ಪಕ್ಕೀರಮ್ಮ ಚೀಲವನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಡಬ್ಬಿಯ ಮುಂದೆ ಹೋಗಿ ಸೆರಗು ಒಡ್ಡಿ ನಿಂತಳು.

“ತೆರಿಗಿ ತಗೊಂಡಿ, ಬ್ಯಾಡ ಅನ್ನಂಗಿಲ್ಲ ತಮ್ಮಾ. ಸರ್ಕಾರದ ಅಳತಿ ಆತಲ್ಲ, ಸರ್ಕಾರದ ಕೊಸರು ಎಲ್ಲೈತಿ? ಹಾಕು.”

ಗುರುಬಸವರಾಜ ಪೇಪರನ್ನು ಹಿಂದೆ ಮುಂದೆ ತಿರುವಿ ನೋಡಿದ. ಮಾಸ್ತರು ಕನ್ನಡಕ ತೆಗೆದರು, ಆದರೆ ಒರೆಸುವುದನ್ನು ಮರೆತರು. ನಾನು ತಪ್ಪೊಪ್ಪಿಕೊಳ್ಳುತ್ತೇನೆ, ಮಾನ್ಯರೇ: ಒಂದು ಕೈಯಲ್ಲ, ಎರಡೂ ಕೈ ಕೂಡಿಸಿ ರಾಶಿಯಿಂದ ಬೊಗಸೆ ತುಂಬ ಎತ್ತಿ ಅವಳ ಸೆರಗಿಗೆ ಸುರಿದೆ, ಮತ್ತೂ ಒಂದು ಬೊಗಸೆ ಸುರಿದೆ. ಸಾಲಿನಲ್ಲಿ ನಿಂತವರೆಲ್ಲ ತಮ್ಮ ತಮ್ಮ ಸೆರಗು, ಟವೆಲ್ಲು, ಟೋಪಿ ಒಡ್ಡಿದರು, ಆಗಲೇ ಒಯ್ದಿದ್ದ ಆರು ಗಿರಾಕಿಗಳಲ್ಲಿ ನಾಲ್ವರು ವಾಪಸ್ ಬಂದರು. “ದೇಶದ ಲೆಕ್ಕಾನ ಕೆಡಿಸಿದ್ರಿ ಅಕ್ಕಾ!” ಎಂದು ಗುರುಬಸವರಾಜ ತಲೆ ಮೇಲೆ ಕೈ ಹೊತ್ತ. ಆ ತಲೆಯ ಮೇಲೂ ನಾಲ್ಕು ಕಾಳು ಬಿದ್ದಿದ್ದವು. ನಾನು ತಿರುಗಿ ಅತ್ತೆಯ ಫೋಟೋ ನೋಡಿದೆ. ಪರವಾಗಿಲ್ಲ, ಈಗ ಮುಖ ಕೊಟ್ಟು ನೋಡುವ ಹಾಗಿದ್ದರು.

ಸಂಜೆ ಹೊತ್ತಿಗೆ, ಏನಾದರಾಗಲಿ ದೇಶಕ್ಕೆ ಎಷ್ಟು ಸೇರಿತೆಂದು ನೋಡೋಣವೆಂದು ರಾಷ್ಟ್ರೀಯ ಡಬ್ಬಿಯನ್ನು ಕೊರವಂಜಿಯ ಬುಟ್ಟಿಯಂತೆ ಎಲ್ಲರೆದುರು ಇಳಿಸಿದೆವು. ಒಳಗೆ ಎರಡು ಮಂಡಕ್ಕಿ ಕಾಳು, ಒಂದು ಮೆಣಸಿನಕಾಯಿ ತೊಟ್ಟು. ಬೆಳಗಿನಿಂದ ಡಬ್ಬಿಯ ಆ ಕಡೆ ಮಾಸ್ತರು ಈ ಕಡೆ ಗುರುಬಸವರಾಜ ಕೂತು, ಪಕ್ಕದಂಗಡಿಯ ಮಿರ್ಚಿ ತರಿಸಿಕೊಂಡು, ಬಂದ ತೆರಿಗೆಯನ್ನು ಹೇಗೆ ವಿನಿಯೋಗಿಸಬೇಕೆಂದು ವಾದಿಸುತ್ತ ವಾದಿಸುತ್ತ, ತಮಗೇ ಅರಿವಿಲ್ಲದೆ ಅದನ್ನು ವಿನಿಯೋಗಿಸಿ ಮುಗಿಸಿದ್ದರು. ತಮ್ಮ ಮಹಿಮೆ ಇದೇ ಇರಬೇಕೆಂದು ಕೈ ಮುಗಿದೆ. ತೆರಿಗೆಯು ಯಾವ ಕಚೇರಿಯಲ್ಲೂ ನಿಲ್ಲದೆ ಇಷ್ಟು ನೆಟ್ಟಗೆ ಹೊಟ್ಟೆ ಸೇರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದ್ದರಿಂದ ತಾವು ಅವಶ್ಯ ಬರಬೇಕು, ಬರುವಾಗ ನಮ್ಮ ಕೆಲವು ತೊಂದರೆ ನಿವಾರಿಸಿಕೊಂಡು ಬರಬೇಕು. ಹಡಗಲಿಯಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುತ್ತಾರೆ, ಮೊಳವೆಂದರೆ ಮಾರುವವಳ ಕೈ. ದೇಶಕ್ಕೆಲ್ಲ ಒಂದೇ ತೆರಿಗೆಯಾದ ಮೇಲೆ ದೇಶಕ್ಕೆಲ್ಲ ಒಂದೇ ಉದ್ದದ ಕೈಯನ್ನೂ ದಯಮಾಡಿ ಕಳಿಸಿಕೊಡಬೇಕು. ಏಪ್ರಿಲ್ಲಿನಲ್ಲಿ ಬಂದ ತಮ್ಮ ಅಣ್ಣನಾದ ವ್ಯಾಟ್ ಎಂಬುವವರ ಫಾರಂಗಳಿಗೇ ಗುರುಬಸವರಾಜನ ಕಣ್ಣು ಕೆಂಪಾಗಿದೆ, ಅವರನ್ನು ಮೊದಲು ಮನೆಗೆ ಕರೆದುಕೊಳ್ಳಬೇಕು. ಆದಾಯ ತೆರಿಗೆಯವರು ಹೋಗುತ್ತೇನೆಂದು ಹೊರಟು, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ನಿಂತೇ ಬಿಟ್ಟರೆ ನಾವು ಇಬ್ಬರಿಗೂ ಎಲೆ ಹಾಕಬೇಕಾಗುತ್ತದೆ. ಅದಕ್ಕೇ ಅವರನ್ನು ಬಸ್ಸು ಹತ್ತಿಸಿ, ಬಸ್ಸು ಊರ ಹೊರಗೆ ದಾಟಿದ್ದನ್ನು ಕಣ್ಣಾರೆ ನೋಡಿಯೇ ತಾವು ಒಳಗೆ ಕಾಲಿಡಬೇಕು. ಮತ್ತೆ ಪಕ್ಕೀರಮ್ಮ ಕೇಳಿದ್ದಕ್ಕೆ ಉತ್ತರ ತರಬೇಕು. ಅದಿಲ್ಲದೆ ಬಂದರೆ ಊರಿನ ದಾರಿ ನಾನೇ ತಪ್ಪಾಗಿ ಹೇಳಿಬಿಡುತ್ತೇನೆ.

ತಾವು ಬಂದರೂ, ಬಾರದೇ ನೆಮ್ಮದಿಯಿಂದಿದ್ದರೂ,
ತಮ್ಮ ವಿಶ್ವಾಸಿ,
ನಾಗಲಿಂಗಮ್ಮ
ಮಂಡಕ್ಕಿ ಅಂಗಡಿ, ಕೊಟ್ಟೂರು

ತಾ.ಕ.: ರಾಷ್ಟ್ರೀಯ ಡಬ್ಬಿಯನ್ನು ತೊಳೆದು, ಒಂದು ಹಿಡಿ ಮಂಡಕ್ಕಿ ಹಾಕಿ ಈ ಕಾಗದದ ಜೊತೆ ಕಳಿಸಿದ್ದೇನೆ. ಅದು ತೆರಿಗೆಯಲ್ಲ, ಕೊಸರು, ಸಂಕೋಚವಿಲ್ಲದೆ ತಿನ್ನಿ. ಡಬ್ಬಿ ಮಾತ್ರ ಮರೆಯದೆ ವಾಪಸ್ ಕಳಿಸಿಕೊಡಿ. ನಮ್ಮ ಕಡೆ ಕೊಟ್ಟವರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಇಲ್ಲ, ತಮ್ಮ ಕಡೆ ಹೇಗೋ ನೋಡೋಣ.