ಸಾಯಗಾಂವ ಬಾವಿಯ ದೆವ್ವಕ್ಕೆ ಚಕ್ಕುಬಂದಿ

ಭಯವೆಂಬುದು ಮಾನವಕುಲದ ಅತಿ ಪುರಾತನ ಭಾವ. ಭಾಷೆ ಹುಟ್ಟುವ ಮೊದಲೇ ಭಯ ಹುಟ್ಟಿತ್ತು; ಗುಹೆಯಲ್ಲಿ ಕುಳಿತ ನಮ್ಮ ಮೂಲಪುರುಷ ಮಾಡಿದ ಮೊದಲ ಕೆಲಸ ಹೆದರುವುದೇ ಆಗಿರಬೇಕು. ಇಷ್ಟು ಪ್ರಾಚೀನವೂ ಇಷ್ಟು ಸುಲಭವೂ ಆದ ಈ ಭಾವವನ್ನು ಒಬ್ಬರಲ್ಲಾದರೂ ಹುಟ್ಟಿಸಬೇಕೆಂದು ನಾನು ಬೀದರದಲ್ಲಿ ಕುಳಿತು ಒಂದು ವರ್ಷ ಕತೆ ಬರೆದೆ. ಗಟ್ಟಿಯಾಗಿ ಓದಿದಾಗ ನಮ್ಮ ಮನೆಯ ಬೆಕ್ಕು ಕೂಡ ಏಳಲಿಲ್ಲ. ಮಗ್ಗಲು ಬದಲಿಸಿ ಮಲಗಿತು!

ಇದು ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ನಾನು ಉರ್ದುವಿನಲ್ಲಿ ಸಾಲಿ ಕಲಿತವನು, ಕಂದಾಯ ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ತೆಗೆಯುವ ಗುಮಾಸ್ತ. ಕನ್ನಡವನ್ನು ಮನೆಯಲ್ಲಿ ರೊಟ್ಟಿ ಕೇಳಲು ಮಾತ್ರ ಬಳಸುತ್ತಿದ್ದೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಕಚೇರಿ ಕನ್ನಡದ್ದಾಗಿತ್ತು. ಕುರ್ಚಿ ಅದೇ, ಮೇಜು ಅದೇ, ಮಸಿ ಕೂಡ ಅದೇ. ನನ್ನ ಕೈ ಮಾತ್ರ ಬಲದಿಂದ ಎಡಕ್ಕೆ ಹೊರಟು, ನಡುದಾರಿಯಲ್ಲಿ ನೆನಪಾಗಿ, ಹಿಂದಿರುಗುತ್ತಿತ್ತು.

ನನ್ನಂತೆಯೇ ಉರ್ದುವಿನ ನಡುದಾರಿಯಿಂದ ಕನ್ನಡಕ್ಕೆ ಹಿಂದಿರುಗುತ್ತಿದ್ದವರು ಇನ್ನೂ ಮೂವರಿದ್ದರು. ಬೀದರದ ಚೌಬಾರಾ ಗೋಪುರದ ಬಳಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯ ಖಾಜಾಮಿಯಾ. ಔರಾದ ತಾಲೂಕಿನ ಸಂತಪುರದ ದವಾಖಾನೆಯ ಕಂಪೌಂಡರ್ ಗಣಪತರಾವ. ಭಾಲ್ಕಿಯ ಸಾಲಿಯ ತುಕಾರಾಮ ಮಾಸ್ತರ. ಬರೆದು ಬರೆದೇ ಕನ್ನಡ ಗಟ್ಟಿ ಮಾಡಿಕೊಳ್ಳಬೇಕೆಂದು ನಾವು ನಾಲ್ವರು ಒಂದು ಮಂಡಳಿ ಕಟ್ಟಿದೆವು. ಏನು ಬರೆಯಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಮಾಸ್ತರರು.

"ಪ್ರೇಮದ ಕತಿ ಬರೀಲಕ್ಕ ಭಾಳ ಶಬ್ದ ಬೇಕ್ರಿ. ಕಣ್ಣಿಗೊಂದು, ಮೂಗಿಗೊಂದು, ನಡಿಗಿಗೊಂದು. ನಮ್ಮ ಹತ್ರ ಅಷ್ಟು ಕನ್ನಡ ಎಲ್ಲದ? ದೆವ್ವದ ಕತಿಗಿ ಬಾಗಿಲ ಕಿರ್ ಅಂದ್ರ ಸಾಕು, ಅರ್ಧ ಕತಿ ಮುಗೀತು."

ಇಂಥ ಭದ್ರವಾದ ಸಾಹಿತ್ಯ ಸಿದ್ಧಾಂತದ ಮೇಲೆ ನಮ್ಮ ಮಂಡಳಿ ನಿಂತಿತು. ಪ್ರತಿ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಖಾಜಾಮಿಯಾರ ಅಂಗಡಿಯಲ್ಲಿ, ಅಂಟಿನ ವಾಸನೆಯ ನಡುವೆ, ರಣರಣ ಬಿಸಿಲಿನಲ್ಲಿ ನಾವು ಭಯಾನಕ ಕತೆಗಳನ್ನು ಓದುತ್ತಿದ್ದೆವು. ಕತ್ತಲಾದ ಮೇಲೆ ಓದುವುದು ಸಾಧ್ಯವಿರಲಿಲ್ಲ. ಭಾಲ್ಕಿಗೆ ಹೋಗುವ ಮಾಸ್ತರರ ಗಾಡಿ ಐದು ಗಂಟೆಗೆ!

ನಮ್ಮ ದೆವ್ವಗಳು ನಮ್ಮನ್ನೇ ಹೋಲುತ್ತಿದ್ದವು. ಖಾಜಾಮಿಯಾರ ದೆವ್ವ ಬಾಗಿಲಲ್ಲಿ ನಿಂತು ಸಲಾಮು ಮಾಡಿ, ಒಳಗೆ ಬರಬಹುದೇ ಎಂದು ಕೇಳಿ, ಬೇಡವೆಂದರೆ ಹೊರಟುಹೋಗುತ್ತಿತ್ತು. ಮಾಸ್ತರರ ದೆವ್ವ ಹುಡುಗರಿಗೆ ಮಗ್ಗಿ ಕೇಳುತ್ತಿತ್ತು. ಗಣಪತರಾವರ ದೆವ್ವಗಳು ಮೊದಲು ಬಹಳ ಕಾಡುತ್ತಿದ್ದವು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಔಷಧಿ ತೆಗೆದುಕೊಂಡು ಗುಣವಾಗಿಬಿಡುತ್ತಿದ್ದವು.

ಇನ್ನು ನನ್ನವು. ನಾನು ಕನ್ನಡದಲ್ಲಿ ಆವರೆಗೆ ಸರಿಯಾಗಿ ಓದಿದ್ದು ಒಂದೇ ಬಗೆಯ ಗದ್ಯ. ಹೊಲದ ಪಂಚನಾಮೆ! ಹಾಗಾಗಿ ನನ್ನ ಕತೆ ಹೀಗೆ ನಡೆಯುತ್ತಿತ್ತು: "ಸದರಿ ಬಾವಿಗೆ ಪೂರ್ವಕ್ಕೆ ಬೇವಿನ ಮರ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ನಾಲಾ, ದಕ್ಷಿಣಕ್ಕೆ ಜೋಳದ ಹೊಲ ಇರುತ್ತದೆ. ಸದರಿ ಬಾವಿಯಿಂದ ಹೆಣ್ಣು ದೆವ್ವ ಒಂದು, ಉದ್ದ ಅಂದಾಜು ಒಂಬತ್ತು ಗಜ, ಮೇಲಕ್ಕೆ ಬಂದಿತು. ಅದರ ಪಾದಗಳು ಹಿಂದುಮುಂದಾಗಿ ಇರುವುದು ಪಂಚರ ಸಮಕ್ಷಮ ಕಂಡುಬಂದಿರುತ್ತದೆ."

ಇದನ್ನು ಕೇಳಿ ಮಂಡಳಿ ನಡುಗುತ್ತಿತ್ತು. ಖರೆ ಹೇಳಬೇಕೆಂದರೆ, ನಡುಗಲೇಬೇಕಿತ್ತು. ಅದು ಖಾಜಾಮಿಯಾ ಹಾಕಿದ ಕಾಯಿದೆ. ಅವರು ಬಾಲ್ಯದಿಂದ ಮುಶಾಯಿರಾಗಳಲ್ಲಿ ಕುಳಿತು ಬೆಳೆದವರು. ಕವಿ ಒಳ್ಳೆಯ ಸಾಲು ಓದಿದರೆ ಕೇಳುವವರು "ವಾಹ್ ವಾಹ್" ಅನ್ನಬೇಕು, ಬಹಳ ಒಳ್ಳೆಯ ಸಾಲಾದರೆ "ಮುಕರ್ರರ್" ಎಂದು ಕೂಗಬೇಕು, ಆಗ ಕವಿ ಆ ಸಾಲನ್ನು ಮತ್ತೊಮ್ಮೆ ಓದಬೇಕು. "ಬರ್ಕೊಂಡು ಬಂದವರ ದಿಲ್ ಮುರೀಬಾರದು ನೋಡ್ರಿ" ಎಂದು ಅವರು ಈ ಇಡೀ ಮರ್ಯಾದೆಯನ್ನು ಎತ್ತಿ ತಂದು ದೆವ್ವದ ಕತೆಗೆ ಹೊಂದಿಸಿದ್ದರು.

"ದೆವ್ವವು ಮೇಲಕ್ಕೆ ಬಂದಿತು" ಎಂದು ನಾನು ಓದಿದರೆ ಗಣಪತರಾವರು ಎದೆ ಹಿಡಿದುಕೊಂಡು "ಅಯ್ಯಯ್ಯಪ್ಪಾ!" ಅನ್ನುತ್ತಿದ್ದರು. ಮಾಸ್ತರರು ಕಣ್ಣು ಮುಚ್ಚುತ್ತಿದ್ದರು. ಖಾಜಾಮಿಯಾ ತೊಡೆ ತಟ್ಟಿ "ಮುಕರ್ರರ್!" ಎಂದು ಕೂಗುತ್ತಿದ್ದರು. ದೆವ್ವ ಬಾವಿಗಿಳಿದು ಮತ್ತೆ ಮೇಲಕ್ಕೆ ಬರುತ್ತಿತ್ತು.

ನಾನು ಅದನ್ನು ನಂಬಿದೆ! ಒಂದು ವರ್ಷ ನಂಬಿದೆ. ಒಂದು ಮಾತು ಮಾತ್ರ ಕಾಯಿದೆಯ ಹೊರಗಿತ್ತು. ಅದು ನನ್ನ ಹೆಂಡತಿ ಗುರಮ್ಮನದು. ಅವಳಿಗೆ ಕತೆ ಓದಿ ಹೇಳಿದಾಗ ಜೋಳ ಆರಿಸುತ್ತ ಕೇಳಿದಳು.

"ಇದು ದೆವ್ವದ ಕತಿನೋ, ಹೊಲ ಮಾರೋ ಕಾಗದಾನೋ?"

"ದೆವ್ವದ ಕತಿ. ಹೆದರಿಕಿ ಬರಲಿಲ್ಲೇನು?"

"ಬಂತಲ್ರಿ. ಎಲ್ಲಿ ಹೆಬ್ಬೆಟ್ಟು ಒತ್ತು ಅಂತೀರೋ ಅಂತ."

ಹೆಂಗಸರಿಗೆ ಸಾಹಿತ್ಯದ ಅಭಿರುಚಿ ಬರಲು ಇನ್ನೂ ಕಾಲ ಬೇಕೆಂದು ನಾನು ತೀರ್ಮಾನಿಸಿದೆ.

ಹೀಗಿರುವಾಗ ಒಂದು ಭಾನುವಾರ ತುಕಾರಾಮ ಮಾಸ್ತರರು ಮುಖ ಸಣ್ಣದು ಮಾಡಿಕೊಂಡು ಬಂದರು. ಅವರ ಸಾಲಿಯಲ್ಲಿ ಕನ್ನಡದ ಕತೆ ಪುಸ್ತಕ ಇದ್ದದ್ದು ಒಂದೇ. ಅದರ ಮೊದಲ ಎಂಟು ಪುಟ ಹರಿದುಹೋಗಿದ್ದವು. ಭಾಲ್ಕಿಯ ಹುಡುಗರಿಗೆ ಕತೆಗಳೆಲ್ಲ ನಡುವಿನಿಂದಲೇ ಶುರುವಾಗುತ್ತವೆ ಎಂದು ನಂಬಿಕೆಯಾಗಿತ್ತು. ಈಗ ಮೈಸೂರು ಕಡೆಯಿಂದ ಹೊಸ ಸಾಲಿ ತನಿಖೆ ಸಾಹೇಬರು ಬರುವವರಿದ್ದರು. ಅವರ ಕೈಯಲ್ಲಿ ಒಂದು ಕಪಾಟು ತುಂಬ ಕನ್ನಡ ಪುಸ್ತಕಗಳಿದ್ದವು. ಜಿಲ್ಲೆಯಲ್ಲಿ ಯಾವುದಾದರೂ ಒಂದು ಸಾಲಿಗೆ ಮಾತ್ರ ಕೊಡುವವರು. ಎಲ್ಲಿ ಕನ್ನಡದ ಉತ್ಸಾಹ ಕಾಣುತ್ತದೋ ಅಲ್ಲಿಗೆ.

"ಹುಡುಗರು ಪದ್ಯ ಹೇಳ್ತಾರ್ರಿ, ಅದು ಎಲ್ಲಾ ಕಡಿ ಹೇಳ್ತಾರ" ಅಂದರು ಮಾಸ್ತರರು. "ನಮ್ಮ ಮಂದಿ ತಾವೇ ಕತಿ ಬರೀತಾರ ಅಂತ ತೋರಿಸಿದ್ರ ಕಪಾಟು ನಮಗ ಸಿಗ್ತದ. ನೀವು ಬಂದು ಒಂದು ಓದ್ರಿ. ನಿಮ್ಮ ಬಾವಿ ಕತಿ."

"ನಾನೇ ಯಾಕ್ರಿ?" ಎಂದೆ, ವಿನಯದಿಂದ. ವಿನಯ ಎಷ್ಟಿತ್ತೆಂದರೆ, ಅವರು ಉತ್ತರ ಕೊಡುವ ಮೊದಲೇ ಯಾವ ಅಂಗಿ ಹಾಕಿಕೊಳ್ಳಬೇಕೆಂದು ಯೋಚಿಸಿ ಮುಗಿಸಿದ್ದೆ.

"ಭೈ, ನಿಮ್ಮಷ್ಟು ನಮ್ಮನ್ನ ಯಾರು ಹೆದರಸ್ಯಾರ!" ಎಂದರು ಖಾಜಾಮಿಯಾ.

ಸಾಹೇಬರ ಮುಂದೆ ಓದುವ ಕತೆ ಕರಾರುವಾಕ್ಕಾಗಿ ಇರಬೇಕಲ್ಲವೇ? ಹಳೆಯ ಕತೆಯಲ್ಲಿ ಬಾವಿ ಎಲ್ಲಿಯದೆಂದೇ ಇರಲಿಲ್ಲ. ಊರು ತಿಳಿಯದ ದೆವ್ವಕ್ಕೆ ಯಾರು ಹೆದರುತ್ತಾರೆ! ಆ ವಾರ ಕಚೇರಿಯಲ್ಲಿ ನಕಲು ಮಾಡಿದ್ದ ಕಾಗದವೊಂದು ತಲೆಯಲ್ಲಿ ಹಸಿಯಾಗಿತ್ತು. ಅದರಿಂದ ಭಾಲ್ಕಿ ತಾಲೂಕಿನ ಸಾಯಗಾಂವವನ್ನೂ, ಸರ್ವೆ ನಂಬರನ್ನೂ, ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನೂ ಎತ್ತಿ ಕತೆಗೆ ಸೇರಿಸಿದೆ. ಬೇವಿನ ಮರ, ನಾಲಾ ಅಲ್ಲಿಯೂ ಇದ್ದವು. ಕತೆಗೆ ಒಂದು ತೂಕ ಬಂತು. ದೆವ್ವಕ್ಕೂ ಒಂದು ವಿಳಾಸ ಸಿಕ್ಕಿತು.

ಭಾಲ್ಕಿಯ ಸಾಲಿಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಅಂದು ಸಂತೆಯ ದಿನ. ನೆರಳು ಕಂಡು ಸಂತೆಗೆ ಬಂದವರೂ ಒಳಗೆ ಬಂದು ಕುಳಿತಿದ್ದರು. ಸಾಹೇಬರು ಕನ್ನಡಕ ಹಾಕಿದ, ಗಂಭೀರ ಮುಖದ, ತೆಳ್ಳಗಿನ ಮನುಷ್ಯ. ಮಡಿಲಲ್ಲಿ ಒಂದು ನೋಟು ಪುಸ್ತಕ. ಮಾಸ್ತರರು ನನ್ನ ಕಿವಿಯಲ್ಲಿ "ಕಪಾಟು ನಿಮ್ಮ ಕೈಯಾಗ ಅದರಿ" ಅಂದರು. ಹಿಂದೆ ಸಾಲಾಗಿ ಕುಳಿತಿದ್ದ ಹುಡುಗರನ್ನು ನೋಡಿದೆ. ಒಬ್ಬಳು ಹುಡುಗಿ ಆ ಎಂಟು ಪುಟ ಇಲ್ಲದ ಪುಸ್ತಕವನ್ನು ಎದೆಗೆ ಅವುಚಿಕೊಂಡಿದ್ದಳು. ಹಾಳೆ ಬಿಚ್ಚಿದೆ.

ಚಕ್ಕುಬಂದಿ ಓದಿದೆ. ಸಾಹೇಬರು ತಲೆ ಎತ್ತಿದರು. ದೆವ್ವ ಮೇಲಕ್ಕೆ ಬಂದಿತು.

"ಮುಕರ್ರರ್!"

ಮುಂದಿನ ಸಾಲಿನಲ್ಲಿ ನಮ್ಮ ಮಂಡಳಿ ಕುಳಿತಿತ್ತು. ನನ್ನ ಮಾನ ಉಳಿಸಲು ಅವರು ಅಂದು ಪ್ರಾಣ ಪಣಕ್ಕಿಟ್ಟು ಬಂದಿದ್ದರು. ಗಣಪತರಾವರು ಎದೆ ಹಿಡಿದುಕೊಂಡ ರೀತಿಗೆ ಪಕ್ಕದವರು ನೀರು ತರಲು ಎದ್ದರು. ನಾನು ಮತ್ತೆ ಓದಿದೆ. ದೆವ್ವ ಮತ್ತೆ ಬಂದಿತು. "ಮುಕರ್ರರ್!" ಹುಡುಗರಿಗೆ ಇದು ಆಟವೆಂದು ತಿಳಿಯಿತು. ನೂರು ಗಂಟಲಿನಿಂದ "ಮುಕರ್ರರ್!" ಎದ್ದಿತು. ದೆವ್ವ ಮೂರನೆಯ ಸಲ ಬಂದಿತು, ನಾಲ್ಕನೆಯ ಸಲ ಬಂದಿತು. ಕೇಳಿದವರಿಗೆ ಇಲ್ಲ ಅನ್ನುವುದು ನನ್ನ ಸ್ವಭಾವದಲ್ಲೇ ಇಲ್ಲ.

ಸಾಹೇಬರು ಪೆನ್ಸಿಲು ಎತ್ತಿ ಕೇಳಿದರು: "ಸ್ವಲ್ಪ ನಿಲ್ಲಿಸಿ. ಒಟ್ಟು ಎಷ್ಟು ದೆವ್ವ ಆಯ್ತು ಈಗ?"

"ಒಂದೇ ಸರ್" ಎಂದೆ. "ಅದೇ ಮತ್ತೆ ಮತ್ತೆ ಬರುತ್ತಿದೆ."

"ಓಹೋ. ಮುಂದುವರಿಸಿ."

ಅವರು ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಭುಜ ಅಲುಗುತ್ತಿತ್ತು. ಹೆದರಿದ್ದಾರೆ ಎಂದುಕೊಂಡೆ! ಉತ್ಸಾಹದಿಂದ ಸಾಯಗಾಂವದ ಹೆಸರನ್ನೂ ಸರ್ವೆ ನಂಬರನ್ನೂ ಗಟ್ಟಿಯಾಗಿ ಮತ್ತೊಮ್ಮೆ ಓದಿದೆ. ಅದಕ್ಕೆ ಯಾರೂ ಮುಕರ್ರರ್ ಅಂದಿರಲಿಲ್ಲ. ಓದಬಾರದಿತ್ತು.

ಚಪ್ಪರದ ಹಿಂಬದಿಯಿಂದ ಹಳದಿ ರುಮಾಲಿನ ದೊಡ್ಡ ಆಳೊಬ್ಬ ಎದ್ದು ನಿಂತ.

"ಏ ನಿಂದ್ರಸ್ರಿ! ಆ ನಂಬರ ನಮ್ದರಿ! ಆ ಬಾವಿ ನಮ್ದರಿ!"

ಸಾಯಗಾಂವದ ಶಿವರಾಜಪ್ಪ ಪಾಟೀಲರು. ಸಂತೆಗೆ ಬಂದವರು, ನೆರಳಿಗೆ ಕುಳಿತವರು.

"ಇದು ಕತಿರಿ, ಪಾಟೀಲ್ರೆ" ಎಂದೆ.

"ಕತಿ ಅಂದ್ರ ನಂಬರ ಹ್ಯಾಂಗ ಇರ್ತದ? ಬೇವಿನ ಮರ ಖರೆ ಅದ, ನಾಲಾ ಖರೆ ಅದ, ದೆವ್ವ ಒಂದು ಸುಳ್ಳೇನು? ಸರಕಾರಿ ಆದಮಿ ನೀವು, ಕಾಗದ ಹಿಡ್ದು ಓದಲಕತ್ತೀರಿ!" ಅವರ ದನಿ ನಡುಗಿತು. "ಬರೋ ವಾರ ಉದಗೀರದಿಂದ ನನ್ನ ಮಗಳಿಗಿ ನೋಡಲಕ್ಕ ಬರ್ತಾರ್ರಿ. ಬಾವ್ಯಾಗ ದೆವ್ವ ಅದ ಅಂದ್ರ ನಮ್ಮ ಮನಿ ನೀರು ಯಾರು ಕುಡೀತಾರ?"

ಮನುಷ್ಯ ನಿಜವಾಗಿ ಹೆದರಿದ್ದ. ಒಂದು ವರ್ಷದಿಂದ ಕಾಯುತ್ತಿದ್ದ ದೃಶ್ಯ ಕಣ್ಣೆದುರಿಗೆ ಬಂದಾಗ ನನಗೆ ಸ್ವಲ್ಪವೂ ಸಂತೋಷವಾಗಲಿಲ್ಲ. ಮಾಸ್ತರರತ್ತ ನೋಡಿದೆ. ಅವರು ಈ ಸಲ ಕಾಯಿದೆಗಾಗಿ ಕಣ್ಣು ಮುಚ್ಚಿರಲಿಲ್ಲ. ಕಪಾಟು ಬಂಡಿಯೇರಿ ಬೇರೆ ಊರಿಗೆ ಹೋಗುವುದನ್ನು ನೋಡಲಾರದೆ ಮುಚ್ಚಿದ್ದರು.

"ಏನ್ ಮಾಡ್ಲಿ ಹೇಳ್ರಿ" ಎಂದೆ ಪಾಟೀಲರಿಗೆ.

"ಇಲ್ಲ ಅಂತ ಬರ್ದು ಕೊಡ್ರಿ. ಸಹಿ ಮಾಡಿ!"

ಅಲ್ಲಿಯೇ, ಆ ಸಭೆಯಲ್ಲಿ, ಕತೆಯ ಕೊನೆಯ ಹಾಳೆಯ ಹಿಂಬದಿಗೆ ಬರೆದೆ: "ಸಾಯಗಾಂವದ ಸದರಿ ಬಾವಿಯನ್ನು ಕುರಿತು ನಾನು ಓದಿದ್ದು ಕಲ್ಪನೆ ಇರುತ್ತದೆ. ಸದರಿ ಬಾವಿಯಲ್ಲಿ ದೆವ್ವ ಹಿಂದೆಯೂ ಇರಲಿಲ್ಲ, ಈಗಲೂ ಇರುವುದಿಲ್ಲ, ಮುಂದೆ ಬಂದರೆ ಅದಕ್ಕೆ ನಾನು ಜವಾಬ್ದಾರ." ಪಾಟೀಲರು ಗಟ್ಟಿಯಾಗಿ ಓದಿಸಿದರು.

"ಮುಕರ್ರರ್!" ಎಂದರು ಖಾಜಾಮಿಯಾ, ಅಭ್ಯಾಸಬಲದಿಂದ.

ಮತ್ತೆ ಓದಿದೆ. ಖಾಜಾಮಿಯಾ, ಗಣಪತರಾವ ಇಬ್ಬರೂ ಪಂಚರೆಂದು ಸಹಿ ಹಾಕಿದರು. ಪಾಟೀಲರು ಅದೂ ಸಾಲದೆಂದು ಕಾಗದ ಒಯ್ದು ಸಾಹೇಬರ ಮುಂದೆ ಹಿಡಿದರು. ಸಾಹೇಬರು ಕಣ್ಣೊರೆಸಿಕೊಂಡು ಸಹಿ ಹಾಕಿದರು. ಪಾಟೀಲರು ಕಾಗದವನ್ನು ರುಮಾಲಿನಲ್ಲಿ ಸಿಕ್ಕಿಸಿಕೊಂಡು ಸಂತೆಗೆ ಹೋದರು. ಸಾಹೇಬರು ಜೀಪು ಹತ್ತಿದರು. ಕಪಾಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಬೀದರಕ್ಕೆ ಹಿಂದಿರುಗುವ ಗಾಡಿಯಲ್ಲಿ ನಾವು ಮೂವರು ಕಿಟಕಿಯ ಪಕ್ಕ ಕುಳಿತೆವು. ನಾನೇ ಕೇಳಿದೆ.

"ಖರೆ ಹೇಳ್ರಿ. ಒಂದು ವರ್ಷ ನೀವು ಒಮ್ಮಿಯಾದ್ರೂ ಹೆದರೀರೇನು?"

ಖಾಜಾಮಿಯಾ ಟೋಪಿ ಸರಿ ಮಾಡಿಕೊಂಡರು. ಗಣಪತರಾವರು ಕೆಮ್ಮಿದರು.

"ಹೆದರೇವ್ರಿ" ಎಂದರು ಗಣಪತರಾವರು. "ಇನ್ನಾ ಎಷ್ಟು ಹಾಳಿ ಉಳದಾವ ಅಂತ."

"ಅರೆ ಛೋಡೋ ಭೈ!" ಎಂದು ಖಾಜಾಮಿಯಾ ನನ್ನ ಹೆಗಲ ಮೇಲೆ ಕೈಯಿಟ್ಟರು. "ಇವತ್ತ ಒಬ್ಬ ಮನಷ್ಯಾ ಖರೆ ಹೆದರ್ಯಾನ. ನಮ್ಮ ಮೂವರ ಕತಿಗಿ ಅದೂ ಆಗಿಲ್ಲ. ಬರೋ ಇತ್ವಾರ ಬರ್ರಿ, ಹೊಸದು ತರ್ರಿ. ನಂಬರ ಮಾತ್ರ ಹಾಕಬ್ಯಾಡ್ರಿ."

ಮನೆಯಲ್ಲಿ ಗುರಮ್ಮ ಎಲ್ಲವನ್ನೂ ಕೇಳಿದಳು. ನಗಲಿಲ್ಲ. ಅಷ್ಟು ಕರುಣೆ ಅವಳಲ್ಲಿ ಯಾವಾಗಲೂ ಇತ್ತು. ಎರಡು ರೊಟ್ಟಿ ಹೆಚ್ಚಿಗೆ ಹಾಕಿ, "ಆ ಪಾಟೀಲನ ಮಗಳ ಲಗ್ನ ಆದ್ರ ಸಾಕ್ರಿ" ಎಂದಳಷ್ಟೆ. ಉದಗೀರದವರು ಬಂದು, ಬಾವಿಯ ನೀರು ಕುಡಿದು, ಹುಡುಗಿಯನ್ನು ಒಪ್ಪಿಕೊಂಡು ಹೋದರೆಂದು ಆಮೇಲೆ ತಿಳಿಯಿತು. ನನ್ನ ಕಾಗದವನ್ನು ಅವರಿಗೆ ತೋರಿಸಿದರಂತೆ. ನಾನು ಕನ್ನಡದಲ್ಲಿ ಬರೆದ ಬರಹಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ತಿಂಗಳ ಮೇಲೆ ಮಾಸ್ತರರು ಸಾಹೇಬರ ವರದಿಯ ನಕಲು ಹಿಡಿದು ಅಂಗಡಿಗೆ ಓಡಿಬಂದರು. ಅದರಲ್ಲಿ ಹೀಗಿತ್ತು: ಭಾಲ್ಕಿಯ ಜನ ತಾವೇ ರಚಿಸಿದ ಒಂದು ಹಾಸ್ಯ ನಾಟಕವನ್ನು ಸಭಿಕರ ನಡುವೆಯೇ ಕುಳಿತು ಅಭಿನಯಿಸಿದರು, ಗುಮಾಸ್ತನ ಪಾತ್ರಧಾರಿ ಸಾಧಾರಣ, ಬಾವಿಯ ಮಾಲೀಕನ ಪಾತ್ರ ವಹಿಸಿದ ನಟನ ಅಭಿನಯ ಅತ್ಯಂತ ಸಹಜವಾಗಿತ್ತು.

ಕಪಾಟು ಭಾಲ್ಕಿಯ ಸಾಲಿಗೆ ಮಂಜೂರಾಯಿತು. ಉತ್ತಮ ನಟನಿಗೆಂದು ಸಾಹೇಬರು ಕಳಿಸಿದ್ದ ಶಾಲನ್ನು ಶಿವರಾಜಪ್ಪ ಪಾಟೀಲರು ಬಂದು ಒಯ್ದರು.