ದಪ್ಪ ‘ಕ’, ದಪ್ಪ ‘ಳ್ಳ’

ಬಾಣಂತಿ ಹೆಂಡತಿಯನ್ನು ತವರಿನಿಂದ ಕರೆತಂದು ಗಂಗಾವತಿಯ ಪ್ರೆಸ್ಸಿಗೆ ಮರಳಿದ ಅಕ್ಷರ ಜೋಡಿಸುವ ಯಂಕೋಬನಿಗೆ, ಅಚ್ಚಿನ ಮೊಳೆಗಳ ಪೆಟ್ಟಿಗೆಯಲ್ಲಿ ಎರಡು ಖಾನೆ ಖಾಲಿ ಕಂಡವು. ಸಣ್ಣ ‘ಕ’ ಇಲ್ಲ, ಸಣ್ಣ ‘ಳ್ಳ’ ಇಲ್ಲ. ಯಾರೋ ಸೀಸದ ಆಸೆಗೆ ಕದ್ದಿದ್ದಾರೆಂದು ಅವನಿಗೆ ಗುಮಾನಿ. ಮಾಲೀಕ ಕಾಳಪ್ಪನನ್ನು ಕೇಳಿದರೆ, “ಇದ್ದದ್ರಾಗ ಹೊಂದಿಸ್ಕೊಳ್ಳೋ” ಎಂದು ಮುಖ ತಿರುಗಿಸಿದ. ಯಂಕೋಬ ಆ ಜಾಗಕ್ಕೆ ದಪ್ಪ ಮೊಳೆ ಹಾಕಿ, ಸೊಸೈಟಿ ಚುನಾವಣೆಗೆ ನಿಂತ ಹೇಮಪ್ಪನ ಕರಪತ್ರ ಅಚ್ಚು ಹಾಕಿಕೊಟ್ಟ. ಯಂಕೋಬ ಬಾಡಿಗೆಗಿದ್ದದ್ದೂ ಹೇಮಪ್ಪನ ಮನೆಯಲ್ಲೇ.

ಕರಪತ್ರ ಚಹಾದಂಗಡಿಯ ಬಾಬಾಸಾಬನ ಕೈಗೆ ಸಿಕ್ಕಿತು. ಊರ ಉಸಾಬರಿಯೆಲ್ಲ ತನ್ನದೇ ಎಂದು ನಂಬಿದ ಮನುಷ್ಯ ಅವನು.

“ಹೇಮಪ್ಪಣ್ಣಾರ, ಇದ್ರಾಗ ಏನೋ ಮಸಲತ್ತು ಐತ್ರಿ. ‘ಕಷ್ಟ ಬಂದರೆ ಹಳ್ಳ ದಾಟಿ ಬರುವವ ಹೇಮಪ್ಪ.’ ದಪ್ಪನ ಅಕ್ಷರ ಅಷ್ಟ ಕೂಡಿಸಿ ಓದ್ರಿ.”

“ಕ... ಳ್ಳ...” ಹೇಮಪ್ಪನ ಮೀಸೆ ನಡುಗಿತು.

ಮರುಗಳಿಗೆಗೆ ಅವನು ಪ್ರೆಸ್ಸಿನಲ್ಲಿದ್ದ, ಬೆನ್ನ ಹಿಂದೆ ಅರ್ಧ ಓಣಿ. “ಆ ಓಬಳೆಪ್ಪ ನನ್ನ ಎದುರಿಗೆ ನಿಂತಾನ, ನೀ ಅವನ ಕೂಡ ಸೇರಿಯೇನಲೇ? ನನ್ನ ಮನ್ಯಾಗ ಇದ್ದು ನನಗ ಕಳ್ಳ ಅಂತಿ? ಸಂಜಿಯೊಳಗ ಮನಿ ಖಾಲಿ ಮಾಡು!”

“ನಮ್ಮವ್ವನಾಣಿರೀ, ಸಣ್ಣ ಮೊಳಿ ಸಾಲಲಿಲ್ರೀ! ಮನ್ಯಾಗ ಹಸಿ ಬಾಣಂತಿ ಅದಾಳ್ರಿ!”

“ಸರಿಯಾಗಿ ಆ ಎರಡ ಸಾಲಲಿಲ್ಲೇನು? ಹಂಗಾದ್ರ ಹುಡುಕಿ ತೋರ್ಸು. ಸಿಕ್ರ ಇರು, ಇಲ್ಲಂದ್ರ ನಡಿ.”

ಯಂಕೋಬನಿಗೆ ಹೋದ ಜೀವ ಬಂದಂತಾಯಿತು. ಅನುಮಾನ ಎಲ್ಲರ ಮೇಲೂ ಹರಿಯಿತು. ಕಸ ಗುಡಿಸುವ ದುರಗಮ್ಮನ ಬುಟ್ಟಿ ಬೋರಲು ಬಿತ್ತು, ಇಲಿಯ ಬಿಲಕ್ಕೂ ಕೈ ಹೋಯಿತು, ಕೊನೆಗೆ ಬಾಬಾಸಾಬನ ಜೇಬಿಗೆ.

“ಅದ್ರಾಗ ಬೀಡಿ ಬಿಟ್ರ ಏನಿಲ್ಲೋ!”

ಮೂಲೆಯಲ್ಲಿ ಗೋಣಿಚೀಲ ಮುಚ್ಚಿಟ್ಟ ಏನೋ ಕಂಡಿತು. “ಅದನ್ನ ಮುಟ್ಟಬ್ಯಾಡೋ,” ಎಂದು ಕಾಳಪ್ಪ ಕೆಮ್ಮಿದ. ಆ ಕೆಮ್ಮಿನಿಂದಲೇ ಅನುಮಾನ ಗಟ್ಟಿಯಾಗಿ ಯಂಕೋಬ ಚೀಲ ಎಳೆದ. ಕೆಳಗೆ ಯಾರೋ ಮೊಳೆ ಜೋಡಿಸಿ, ಅಚ್ಚಿಗೆ ಸಿದ್ಧವಾಗಿ ದಾರ ಬಿಗಿದಿಟ್ಟ ಒಂದು ಪುಟ. ಅದರ ತುಂಬ ಸಣ್ಣ ‘ಕ’, ಸಣ್ಣ ‘ಳ್ಳ’!

“ಸಿಕ್ವು! ನೋಡ್ರಿ ಅಣ್ಣಾರ, ಎಷ್ಟೊಂದು ಅದಾವ!”

“ಈ ಉಲ್ಟಾ ಅಕ್ಷರ ನನಗ ತಿಳಿಯಂಗಿಲ್ಲ. ಹಾಳಿ ಮ್ಯಾಲ ಒತ್ತಿ ತೋರ್ಸು.”

ಹಿಗ್ಗಿನಲ್ಲಿ ಯಂಕೋಬ ಏನಿದೆಯೆಂದೂ ಓದಲಿಲ್ಲ. ಮಸಿ ಸವರಿ, ಹಾಳೆ ಒತ್ತಿ ಎತ್ತಿಕೊಟ್ಟ. ಬಾಬಾಸಾಬ ಗಟ್ಟಿಯಾಗಿ ಓದಿದ: “ಭತ್ತದ ಕಳ್ಳ, ಗೊಬ್ಬರದ ಕಳ್ಳ, ಕಾಲುವೆ ನೀರಿನ ಕಳ್ಳ, ಕಳ್ಳರಲ್ಲಿ ಕಳ್ಳ ಹೇಮಪ್ಪ! ನಿಮ್ಮ ಮತ ಓಬಳೆಪ್ಪನಿಗೆ!”

ಯಂಕೋಬ ಇಲ್ಲದಾಗ ಗುಟ್ಟಾಗಿ ಓಬಳೆಪ್ಪನ ಕೆಲಸ ಹಿಡಿದು ತಾನೇ ಮೊಳೆ ಜೋಡಿಸಿಟ್ಟಿದ್ದ ಕಾಳಪ್ಪ ಎಲ್ಲರಿಗಿಂತ ಮೊದಲು ಕೈ ಮುಗಿದ. “ನಾ ಬರೇ ಮಾಲಕರೀ. ಮೊಳಿ ಜೋಡ್ಸಾಂವ ಯಂಕೋಬ.”

ಹೇಮಪ್ಪ ಹಾಳೆಯನ್ನು ನಿಧಾನವಾಗಿ ಮಡಚಿದ.

“ಮೊಳಿ ಸಾಲಲಿಲ್ಲ ಅಂದಿದ್ದು ಖರೇನ ಐತಿ ಯಂಕೋಬ. ಇಷ್ಟು ಸಲ ಕಳ್ಳ ಅಂದ್ರ ಯಾವ ಪ್ರೆಸ್ಸಿನಾಗ ಸಾಲತಾವು? ನಡಿ, ಬಂಡಿ ಕಟ್ಟು.”