ಎರಡನೇ ಕರೆಂಟಿಗೆ ಚೀಟಿ ಎತ್ತಿದ ಕಂಪ್ಯೂಟರ್ ಸಾಹೇಬರಿಗೆ

ಮಾನ್ಯ ಕಂಪ್ಯೂಟರ್ ಸಾಹೇಬರೇ,

ಸುರಪುರದ ಸುಮಂಗಲಾ ಮಾಡುವ ಶರಣು ಶರಣಾರ್ಥಿಗಳು. ಹೈದರಾಬಾದಿನ ದೊಡ್ಡಾಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ತಾವು ಸುಖವಾಗಿದ್ದೀರೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಅದನ್ನು ಬಿಟ್ಟಿದ್ದೇನೆ, ತಪ್ಪು ತಿಳಿಯಬಾರದು.

ನನ್ನ ಗಂಡ ನೀಲಕಂಠ ಸರಕಾರಿ ಬಸ್ಸಿನ ಕಂಡಕ್ಟರು. ಎರಡು ವರ್ಷದ ಹಿಂದೆ ಅವರ ಮಿದುಳಿನ ಕ್ಯಾನ್ಸರ್ ಗಡ್ಡೆ ತೆಗೆದು, ನಮ್ಮ ಕಡೆಯವರು ಕರೆಂಟು ಕೊಡುವುದು ಎನ್ನುವ ವಿಕಿರಣ ಚಿಕಿತ್ಸೆಯನ್ನೂ ಮುಗಿಸಿ ಕಳಿಸಿದ್ದರು. ಡ್ಯೂಟಿಗೂ ಹೋಗುತ್ತಿದ್ದರು. ಈ ಬೇಸಿಗೆಯಲ್ಲಿ ಒಂದು ದಿನ, ಕೆಂಭಾವಿ ಸಂತೆಗೆ ಹೊರಟಿದ್ದ ಹೆಂಗಸರನ್ನೆಲ್ಲ, ಕೆಂಭಾವಿ ಬಂತು ಇಳಿಯಿರೆಂದು ಗದರಿಸಿ, ನಡುದಾರಿಯ ದೇವಾಪುರದಲ್ಲೇ ಇಳಿಸಿಬಿಟ್ಟರು. ಹೆಂಗಸರು ಬೈದರು, ಡ್ರೈವರ್ ನಕ್ಕರು, ಸುದ್ದಿ ಕೇಳಿದ ನಾನು ಮರುದಿನವೇ ಅವರನ್ನು ಆಸ್ಪತ್ರೆಗೆ ಹೊರಡಿಸಿದೆ. ಸ್ಕ್ಯಾನ್ ಮಾಡಿಸಿದರೆ ಗಡ್ಡೆ ಹಳೆಯ ಜಾಗದಲ್ಲೇ ಮತ್ತೆ ಬೆಳೆದಿತ್ತು.

ತಮ್ಮ ಆಸ್ಪತ್ರೆಯ ಡಾಕ್ಟರಮ್ಮನವರು ಕೂರಿಸಿಕೊಂಡು ತಿಳಿಸಿ ಹೇಳಿದರು: ಒಮ್ಮೆ ಕರೆಂಟು ಉಂಡ ಮಿದುಳಿಗೆ ಮತ್ತೆ ಕೊಟ್ಟರೆ ಗಡ್ಡೆ ನಿಲ್ಲಲೂಬಹುದು, ಮಿದುಳೇ ಕೆಡಲೂಬಹುದು, ಯಾವುದು ಮೇಲೆಂದು ಯಾರಿಗೂ ಗೊತ್ತಿಲ್ಲ, ಅದಕ್ಕೇ ಈ ಪರೀಕ್ಷೆ, ಅರ್ಧ ಮಂದಿಗೆ ಔಷಧಿಯ ಜತೆ ಕರೆಂಟು, ಅರ್ಧ ಮಂದಿಗೆ ಬರೀ ಔಷಧಿ, ಯಾರಿಗೆ ಯಾವುದೆಂದು ಚೀಟಿ ಎತ್ತುವವರು ತಾವು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ದೊಡ್ಡವರನ್ನು ನಾನು ಕಂಡದ್ದು ಅದೇ ಮೊದಲು. ನಮ್ಮೂರಿನಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕೂತವರಿಗೂ ಎಲ್ಲ ಗೊತ್ತಿರುತ್ತದೆ. ನನ್ನವರು ಎಲ್ಲ ಕೇಳಿ, ಆಗಲಿ ಎಂದು ಸಹಿ ಹಾಕಿದರು.

ಆದರೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನ ನಾವು. ಶಹಾಪುರದ ಮಾಜಿ ತಾಲ್ಲೂಕು ಪಂಚಾಯಿತಿ ಮೆಂಬರು, ನನ್ನ ಮೈದುನ ಅಂಬ್ರಪ್ಪನವರು, ಕರೆಂಟಿನ ಕಡೆಗೂ ಒಂದು ಟವೆಲ್ ಹಾಕಿಬಿಡೋಣವೆಂದು ಶಿಫಾರಸು ಪತ್ರ, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದರು. ತಮ್ಮ ಊರು ಯಾವುದು, ತಾವು ಯಾರ ಪೈಕಿ, ತಮ್ಮ ಮೇಲಿನ ಸಾಹೇಬರು ಯಾರು ಎಂದು ಎಲ್ಲ ನರ್ಸುಗಳನ್ನೂ ವಿಚಾರಿಸಿ, ಸೋತು, ಹೋಳಿಗೆಯನ್ನು ತಾವೇ ತಿಂದರು. ಜಾತಿ ಕೇಳದ, ಫೋನು ಎತ್ತದ, ಡಬ್ಬಿ ಮುಟ್ಟದ ಅಧಿಕಾರಿ ತಾವು! ತಮ್ಮನ್ನು ನಮ್ಮ ಜಿಲ್ಲೆಗೆ ವರ್ಗ ಮಾಡಿಸಿಕೊಂಡರೆ ನಮ್ಮ ಪುಣ್ಯ. ನಮ್ಮ ಪಾಲಿಗೆ ಮಾತ್ರ, ಒಂದೇ ಒಂದು ಸಲ, ಸ್ವಲ್ಪ ಲಂಚಕೋರರಾಗಬಾರದಿತ್ತೇ ಎಂಬುದೇ ನನ್ನ ದೂರು. ಅದಾಗದಿದ್ದರೆ, ಪರೀಕ್ಷೆ ಮುಗಿದ ಮೇಲೆ ಬರುವ ಫಲಿತಾಂಶವನ್ನು ಪರೀಕ್ಷೆಗೆ ಮೊದಲೇ ಕೊಡಿಸುವ ಕೃಪೆಯನ್ನಾದರೂ ಮಾಡಬಹುದಿತ್ತು.

ತಾವು ನನ್ನವರಿಗೆ ಬರೀ ಔಷಧಿ ಬರೆದಿರಿ. ನಮ್ಮ ಪಕ್ಕದ ಬೆಂಚಿನ ಸೈದಾಪುರದ ಖಾಸಿಂಬೀ ಎಂಬ ಮುದುಕಿಗೆ ಕರೆಂಟು ಬಂತು. ನನ್ನ ಗಂಡನ ಪಾಲಿನದನ್ನು ಆಕೆ ಕಸಿದಳೆಂದು ನನ್ನ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆಕೆ ಚಹಾ ಕೊಟ್ಟರೆ ಮುಖ ತಿರುಗಿಸಿದೆ. ಹೀಗಿರುವಾಗ ಆಕೆಯ ಮಗ ಮುಸ್ತಫಾ ಸಂಕೋಚದಿಂದ ಹತ್ತಿರ ಬಂದು ಕೇಳಿದ:

"ಅಕ್ಕಾರ, ನಿಮ್ಗ ಯಾರ ವಶೀಲಿ ಇತ್ತ್ರಿ? ನಮ್ಮ ಅಮ್ಮಿಗೂ ಬರೀ ಗುಳಿಗಿ ಬರ್ಸಿ ಕೊಡ್ರಿ, ಆಕಿ ತಲಿ ಮತ್ತ ಸುಡೂದು ಬ್ಯಾಡ್ರಿ."

ನಾನು ಎದ್ದು ಖಾಸಿಂಬೀಯ ಪಕ್ಕ ಹೋಗಿ ಕೂತೆ. ತಣ್ಣಗಾಗಿದ್ದ ಚಹಾ ಇಸಿದುಕೊಂಡು ಕುಡಿದೆ, ಕುಡಿಯುತ್ತಲೇ ಅಳು ಬಂತು. ನನ್ನವರು ನೋಡುತ್ತಿದ್ದರು. ಈಗೀಗ ಮಾತು ಹುಡುಕಿ ಹುಡುಕಿ ಆಡುತ್ತಾರೆ. ಆದರೆ ಅದೊಂದನ್ನು ಸರಾಗವಾಗಿ ಆಡಿದರು: "ಕರೆಂಟ್ ಬಂದಿದ್ರೂ ನೀ ಅಳ್ತಿದ್ದಿ, ಬಿಡು."

ಆದರೂ ದೂರನ್ನು ಹಿಂತೆಗೆದುಕೊಳ್ಳುತ್ತಿಲ್ಲ; ಯಾರ ಮೇಲೆ ಹಾಕಬೇಕೆಂದು ತಿಳಿಯದೆ ತಮ್ಮ ಮೇಲೆಯೇ ಇಟ್ಟಿದ್ದೇನೆ.

ಬೇರೆ ಯಾರೂ ಸಿಗದ್ದಕ್ಕೆ ತಮ್ಮ ವಿಶ್ವಾಸಿಯಾದ,
ಸುಮಂಗಲಾ ನೀಲಕಂಠ

ತಾ.ಕ.: ಫಲಿತಾಂಶ ಬರಲು ಇನ್ನೂ ಕೆಲವು ವರ್ಷ ಬೇಕಂತೆ. ಎರಡನೇ ಕರೆಂಟೇ ಮೇಲೆಂದು ಗೊತ್ತಾದರೆ ಸೈದಾಪುರಕ್ಕೆ ತಪ್ಪದೆ ತಿಳಿಸಿ. ಸುರಪುರಕ್ಕೆ ಮಾತ್ರ, ತಮ್ಮ ದಮ್ಮಯ್ಯ, ಗೊತ್ತಿಲ್ಲ ಎಂದೇ ಬರೆಯಿರಿ.